ಸ್ಪೆಷಲ್ ಮಗು ಇರೋ ಮನೇಲಿ ಪಾರ್ಟ್ ಟೈಮ್ ಕೆಲಸ: ಯಾವುದನ್ನ ಹಿಡೀಬೇಕು, ಹೇಗೆ ಹುಡುಕಬೇಕು

ಆಟಿಸಂ ಇರ್ಲಿ, ಸಿಪಿ (ಸೆರೆಬ್ರಲ್ ಪಾಲ್ಸಿ) ಇರ್ಲಿ, ಡೌನ್ ಸಿಂಡ್ರೋಮ್ ಇರ್ಲಿ, ಅಂಥ ಮಗುವಿನ ಅಮ್ಮ "ನಾನೂ ಏನಾದ್ರೂ ದುಡೀಬೇಕು ಕಣೇ" ಅಂದ ತಕ್ಷಣ ಸುತ್ತಮುತ್ತ ಇರೋರೆಲ್ಲಾ ಕೊಡೋ ಸಲಹೆ ಒಂದೇ, ಮನೇಲೇ ಕೂತು ಮಾಡೋಂಥದ್ದು ಏನಾದ್ರೂ ನೋಡ್ಕೋ ಅಂತ. ಕೇಳಕ್ಕೆ ಸರಿಯಾಗೇ ಇದೆ, ಆದ್ರೆ ಕಸ್ಟಮರ್ ಕೇರ್ ಕಾಲ್ ತಗೊಳೋದೂ ಮನೇಲಿ ಕೂತು ಮಾಡೋ ಕೆಲಸಾನೇ, ಕಾಲ್ ನಡೀತಿರುವಾಗ ಮಗು ಗೋಡೆಗೆ ತಲೆ ಚಚ್ಕೊಳ್ಳಕ್ಕೆ ಶುರು ಮಾಡಿದ್ರೆ ಲೈನಲ್ಲಿರೋ ಕಸ್ಟಮರ್ ಕಾಯ್ತಾನಾ? ಹಾಗಾಗಿ ನಾನು ಯಾರಿಗೇ ಆದ್ರೂ ಹೇಳೋದು, ಯಾವ ಕೆಲಸದ ಬಗ್ಗೆ ಕೇಳಿದ್ರೂ ಮೊದಲು ಈ ಪ್ರಶ್ನೆ ಹಾಕ್ಕೊಳ್ಳಿ: ಇದನ್ನ ಅರ್ಧಕ್ಕೆ ಬಿಟ್ಟು ಎದ್ರೆ ಏನಾಗತ್ತೆ? ಏನೂ ಆಗಲ್ಲ, ಸಂಜೆನೋ ನಾಳೆನೋ ಅಲ್ಲಿಂದಲೇ ಮುಂದುವರಿಸಬಹುದು ಅಂದ್ರೆ ಅದು ನಮ್ಮ ಕೆಲಸ. ಕಮ್ಮಿ ದುಡ್ಡಾದ್ರೂ ಪರವಾಗಿಲ್ಲ, ಅದು ಉಳಿಯತ್ತೆ. ಅರ್ಧಕ್ಕೆ ಬಿಟ್ರೆ ಕೆಟ್ಟೋಗತ್ತೆ ಅನ್ನೋ ಕೆಲಸ ಎಷ್ಟೇ ಸಂಬಳ ಕೊಟ್ರೂ ಮೂರನೇ ತಿಂಗಳು ಬಿಡಬೇಕಾಗತ್ತೆ, ಆಮೇಲೆ "ನನ್ನ ಕೈಲಿ ಆಗಲ್ಲ" ಅನ್ನೋ ಬೇಜಾರು ಬೇರೆ ಮನಸ್ಸಲ್ಲಿ ಕೂತ್ಕೊಳ್ಳತ್ತೆ.

ನನ್ನ ಮಗನಿಗೆ ಆಟಿಸಂ, ಮೈಸೂರಲ್ಲಿದೀವಿ, ಬರೀತಿರೋದೆಲ್ಲ ಥೆರಪಿ ಸೆಂಟರ್ ಬೆಂಚಿನ ಮೇಲೆ ಬೇರೆ ಅಮ್ಮಂದಿರ ಜೊತೆ ಕೂತು ಮಾತಾಡಿ ಕಲಿತಿದ್ದು, ನಾನೇ ಮಾಡಿ ನೋಡಿದ್ದು.

ಮೊದಲು ನಿಜವಾದ ಟೈಮ್ ಎಷ್ಟಿದೆ ಅಂತ ಬರ್ಕೊಳ್ಳಿ

ಕೆಲಸ ಹುಡುಕೋಕೆ ಮುಂಚೆ ಒಂದೆರಡು ವಾರ ಒಂದು ನೋಟ್‌ಬುಕ್ಕಲ್ಲಿ ದಿನದ ಟೈಮ್ ಬರೀರಿ. ಶಾಲೆ ಬೆಳಗ್ಗೆ ಒಂಬತ್ತೂವರೆಯಿಂದ ಮೂರು ಗಂಟೆ ತನಕ, ಅಂದ್ರೆ ಐದೂವರೆ ಗಂಟೆ ಫ್ರೀ ಅಂತ ಲೆಕ್ಕ ಹಾಕ್ಬೇಡಿ, ಹಾಗೆ ಇರಲ್ಲ ಅಂತ ನಿಮಗೂ ಗೊತ್ತು. ವ್ಯಾನ್ ಹತ್ತಿಸಿ ಬಂದು ಅಡುಗೆಮನೆ ಮುಗಿಸೋ ಹೊತ್ತಿಗೆ ಹತ್ತೂಕಾಲು, ವಾರಕ್ಕೊಂದು ಸಲನಾದ್ರೂ ಹನ್ನೆರಡಕ್ಕೆ ಶಾಲೆಯಿಂದ ಫೋನು, "ಮೇಡಂ ಇವತ್ತು ತುಂಬಾ ಅಪ್‌ಸೆಟ್ ಇದಾನೆ, ಕರ್ಕೊಂಡು ಹೋಗ್ತೀರಾ" ಅಂತ. ಮಗುವಿನ ಜವಾಬ್ದಾರಿ ಪೂರ್ತಿ ಬೇರೆಯವರ ಕೈಲಿ ಇರೋ ಟೈಮ್ ಮಾತ್ರ ನಿಮ್ಮ ಟೈಮ್. ಮಗು ಟಿವಿ ನೋಡ್ತಾ ಪಕ್ಕದಲ್ಲಿ ಸುಮ್ನೆ ಕೂತಿರೋ ಹೊತ್ತನ್ನ ಬೇರೆ ಬಣ್ಣದ ಪೆನ್ನಲ್ಲಿ ಬರ್ಕೊಳ್ಳಿ, ಅದು ಅರ್ಧ ಟೈಮ್, ಕೈಕೆಲಸಕ್ಕೆ ಆಗತ್ತೆ, ತಲೆ ಓಡಿಸೋ ಕೆಲಸಕ್ಕೆ ಆಗಲ್ಲ. ಸ್ಪೀಚ್ ಥೆರಪಿ, ಓಟಿ (ಆಕ್ಯುಪೇಷನಲ್ ಥೆರಪಿ) ನಡೆಯುವಾಗ ಹೊರಗೆ ಕಾಯೋದೂ ಅದೇ ಲೆಕ್ಕ, ಚಪ್ಪಲಿ ಬಿಚ್ಚಿಸಿ, ಒಳಗೆ ಕಳಿಸಿ, ಅಳು ನಿಂತು, ನೀವು ಬಂದು ಕೂರೋ ಹೊತ್ತಿಗೆ ಮುಕ್ಕಾಲು ಗಂಟೆ ಸೆಷನ್ನಲ್ಲಿ ಅರ್ಧ ಗಂಟೆ ಉಳಿದಿರತ್ತೆ, ಫೋನಲ್ಲಿ ಮುಗಿಯೋ ಕೆಲಸ ಇದ್ರೆ ಸರಿ.

ರಾತ್ರಿ ಮಗು ಮಲಗಿದ ಮೇಲೆ ಮಾಡ್ತೀನಿ ಅಂತ ತುಂಬಾ ಜನ ಪ್ಲಾನ್ ಹಾಕ್ತಾರೆ. ಆಟಿಸಂ ಇರೋ ಎಷ್ಟೋ ಮಕ್ಕಳಿಗೆ ನಿದ್ದೆ ತೊಂದರೆ ಇರತ್ತೆ, ಹನ್ನೊಂದಕ್ಕೆ ಮಲಗಿದ್ದು ಎರಡಕ್ಕೆ ಎದ್ದು ಕೂತ್ಕೊಳ್ಳತ್ತೆ. ರಾತ್ರಿ ಟೈಮನ್ನ ನಂಬಿ ಯಾರಿಗೂ ಮಾತು ಕೊಡ್ಬೇಡಿ, ಸಿಕ್ಕಿದ್ರೆ ಲಾಭ ಅಂತ ಇಟ್ಕೊಳ್ಳಿ.

ಹೀಗೆ ಬರೆದ ಮೇಲೆ ವಾರಕ್ಕೆ ಹತ್ತು ಹನ್ನೆರಡು ಗಂಟೆ ಬಂದ್ರೆ ಅದು ಒಳ್ಳೆ ನಂಬರು. ಅದರಲ್ಲಿ ಮೂರನೇ ಎರಡು ಭಾಗಕ್ಕೆ ಆಗೋಷ್ಟು ಕೆಲಸ ಮಾತ್ರ ಒಪ್ಕೊಳ್ಳಿ, ಉಳಿದಿದ್ದು ಜ್ವರ, ಫಿಟ್ಸ್, ಶಾಲೆ ಫೋನು ಇವುಕ್ಕೆ ಇರ್ಲಿ.

ಯಾವ ಕೆಲಸ ಆಗಿಬರತ್ತೆ

ಸೀರೆ ಕುಚ್ಚು. ನಮ್ಮ ಕಡೆ ಮನೇಲಿರೋ ಹೆಂಗಸರು ಮಾಡೋ ಕೆಲಸದಲ್ಲಿ ಇದಕ್ಕಿಂತ ಹೊಂದಿಕೊಳ್ಳೋದು ನನಗೆ ಕಂಡಿಲ್ಲ. ಸೆರಗಿನ ಅಂಚಲ್ಲಿ ದಾರ ಸೇರಿಸಿ ಒಂದೊಂದೇ ಗಂಟು ಹಾಕ್ತಾ ಹೋಗೋದು, ಹತ್ತು ಕುಚ್ಚು ಆದ್ಮೇಲೆ ಎದ್ದು ಹೋದ್ರೆ ಹನ್ನೊಂದನೇದು ಅಲ್ಲೇ ಕಾಯ್ತಿರತ್ತೆ, ಯಾರಿಗೂ ಗೊತ್ತಾಗಲ್ಲ ಮಧ್ಯೆ ಎದ್ರಿ ಅಂತ. ಕೈ ಕೂತ್ಮೇಲೆ ಮಗು ಪಕ್ಕದಲ್ಲಿದ್ರೂ ಮಾಡಬಹುದು. ಒಂದೇ ಹುಷಾರು, ಮಣಿ ಮತ್ತೆ ಸೂಜಿ. ಎಲ್ಲಾ ಬಾಯಿಗೆ ಹಾಕ್ಕೊಳ್ಳೋ ಮಗು ಆದ್ರೆ ಮಣಿ ಕುಚ್ಚು ಮಗು ಶಾಲೆಗೆ ಹೋದಾಗ ಮಾತ್ರ, ಮನೇಲಿದ್ದಾಗ ಬರೀ ದಾರದ್ದು. ಸಾಮಾನೆಲ್ಲ ಮುಚ್ಚಳ ತಿರುಗಿಸಿ ಮುಚ್ಚೋ ಡಬ್ಬದಲ್ಲಿ ಇಡಿ, ಸೀರೆನ ಹಳೇ ದಿಂಬಿನ ಕವರ್ ಒಳಗೆ ಹಾಕಿ ಸೆರಗು ಮಾತ್ರ ಹೊರಗೆ ಬಿಟ್ಕೊಂಡು ಕೂತ್ರೆ ಮಗು ನೀರು ಚೆಲ್ಲಿದ್ರೂ ಹತ್ತು ಸಾವಿರದ ರೇಷ್ಮೆ ಸೀರೆ ಉಳ್ಕೊಳ್ಳತ್ತೆ. ಸಾದಾ ಕುಚ್ಚಿಗೆ ಇನ್ನೂರರ ಆಸುಪಾಸು, ಮದುವೆ ಸೀರೆ ಡಿಸೈನ್ ಆದ್ರೆ ಸಾವಿರ ದಾಟತ್ತೆ. ಅಂಗಡಿಗೆ ಮಾಡ್ಕೊಟ್ರೆ ಅದರ ಅರ್ಧ ಬಂದ್ರೆ ಹೆಚ್ಚು, ಅದಕ್ಕೆ ನೇರ ಗಿರಾಕಿ ಹುಡುಕ್ಕೊಳ್ಳಿ, ಬ್ಲೌಸ್ ಹೊಲಿಯೋ ಟೈಲರ್ ಒಬ್ಬರನ್ನ ಪರಿಚಯ ಮಾಡ್ಕೊಂಡ್ರೆ ಸಾಕು. ಫಾಲ್ಸ್, ಜಿಗ್‌ಜ್ಯಾಗ್ ಕೂಡ ಇದೇ ಥರ.

ಆದ್ರೆ ಇದರ ಕ್ಯಾಲೆಂಡರ್ ನಮಗೆ ಉಲ್ಟಾ. ಏಪ್ರಿಲ್ ಮೇ ಮದುವೆ ಸೀಸನ್, ಆರ್ಡರ್ ಸುರೀತಿರತ್ತೆ, ಅದೇ ಎರಡು ತಿಂಗಳು ಶಾಲೆ ರಜ, ಮಗು ಇಡೀ ದಿನ ಮನೇಲಿ. ಆಷಾಢದಲ್ಲಿ ಶಾಲೆ ನಡೀತಿರತ್ತೆ, ನಮ್ಮ ಹತ್ರ ಟೈಮೂ ಇರತ್ತೆ, ಆರ್ಡರ್ ಮಾತ್ರ ಇರಲ್ಲ. ಹಾಗಾಗಿ ಆಷಾಢದಲ್ಲೇ ಪರಿಚಯದವರಿಗೆ ಮೆಸೇಜ್ ಹಾಕಿ, ಶ್ರಾವಣದ ವರಮಹಾಲಕ್ಷ್ಮಿಗೆ ಉಡೋ ಸೀರೆ ಈಗಲೇ ಕೊಡಿ, ರೇಟು ಸ್ವಲ್ಪ ಕಮ್ಮಿ ಮಾಡ್ತೀನಿ ಅಂತ. ಬೇಸಿಗೆ ಮದುವೆ ಆರ್ಡರ್‌ನ ಫೆಬ್ರವರಿ ಮಾರ್ಚಲ್ಲೇ ತಗೊಂಡು ಮುಗಿಸಿ, ಏಪ್ರಿಲ್ ಹತ್ತರ ಮೇಲೆ ಹೊಸದು ಒಪ್ಕೊಳ್ಬೇಡಿ.

ಓದು ಬರಹದ ಕೆಲಸ. ಕನ್ನಡ ಟೈಪಿಂಗ್, ಡಿಟಿಪಿ, ಪ್ರೂಫ್ ನೋಡೋದು, ಇಂಗ್ಲಿಷಿಂದ ಕನ್ನಡಕ್ಕೆ ಅನುವಾದ, ಆಡಿಯೋ ಕೇಳಿ ಬರೆಯೋದು, ಸಬ್‌ಟೈಟಲ್. ಇವೆಲ್ಲಾ ಸೇವ್ ಮಾಡಿ ಎದ್ದು ಹೋಗೋ ಕೆಲಸ. ನುಡಿ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಮಾತ್ರ ಟೈಪ್ ಮಾಡಕ್ಕೆ ಬರತ್ತೆ ಅನ್ನೋರು ಯೂನಿಕೋಡ್ (ಮೊಬೈಲು, ವೆಬ್‌ಸೈಟ್ ಎಲ್ಲಾ ಕಡೆ ಓದಕ್ಕೆ ಬರೋ ಅಕ್ಷರ) ಟೈಪಿಂಗೂ ಕಲ್ತ್ಕೊಳ್ಳಿ, ಪ್ರೆಸ್‌ನವರು ಹಳೇ ಫಾಂಟ್ ಕೇಳ್ತಾರೆ, ಆನ್‌ಲೈನ್ ಕೆಲಸ ಕೊಡೋರೆಲ್ಲ ಯೂನಿಕೋಡ್ ಕೇಳ್ತಾರೆ. ಅನುವಾದಕ್ಕೆ ಪದಕ್ಕಿಷ್ಟು ಅಂತ ರೇಟು, ಗಂಟೆಗೆ ಇಷ್ಟು ಅಂತ ಯಾರಾದ್ರೂ ಸ್ಕ್ರೀನ್ ಟ್ರ್ಯಾಕರ್ (ಕಂಪ್ಯೂಟರಲ್ಲಿ ಕೆಲಸ ಮಾಡ್ತಿದೀರಾ ಅಂತ ಕಾಯೋ ಸಾಫ್ಟ್‌ವೇರ್) ಹಾಕಿಸಿದ್ರೆ ಬೇಡ, ನಾವು ನಿಮಿಷ ನಿಮಿಷಕ್ಕೆ ಎದ್ದು ಹೋಗೋರು.

ಅಕೌಂಟ್ಸ್ ಗೊತ್ತಿದ್ರೆ ನಿಮ್ಮಷ್ಟು ಅದೃಷ್ಟವಂತರು ಇಲ್ಲ. ಆಡಿಟರ್ ಆಫೀಸುಗಳು ಟ್ಯಾಲಿ ಎಂಟ್ರಿ, ಜಿಎಸ್‌ಟಿ ಕೆಲಸ ಮನೆಗೇ ಕೊಡ್ತಾರೆ. ತಿಂಗಳು ತಿಂಗಳು ಫೈಲ್ ಮಾಡೋರಿಗೆ ಜಿಎಸ್‌ಟಿಆರ್-1 ಅನ್ನೋ ರಿಟರ್ನಿಗೆ ಕೊನೇ ದಿನ ಹನ್ನೊಂದನೇ ತಾರೀಖು, 3ಬಿ ಅನ್ನೋ ರಿಟರ್ನಿಗೆ ಇಪ್ಪತ್ತನೇ ತಾರೀಖು, ಅಂದ್ರೆ ಯಾವಾಗ ಒತ್ತಡ ಅಂತ ಮೊದಲೇ ಗೊತ್ತಿರತ್ತೆ, ಆ ದಿನಗಳಲ್ಲಿ ಅಮ್ಮನ್ನೋ ಅತ್ತೆನೋ ಕರೆಸ್ಕೋಬಹುದು, ಡಾಕ್ಟರ್ ಅಪಾಯಿಂಟ್‌ಮೆಂಟನ್ನ ಇಪ್ಪತ್ತೊಂದರ ಮೇಲೆ ಹಾಕ್ಕೋಬಹುದು.

ಟ್ಯೂಷನ್ನು ಟೈಮ್ ಕಟ್ಟಿರೋ ಕೆಲಸ, ಅರ್ಧಕ್ಕೆ ಬಿಡಕ್ಕಾಗಲ್ಲ, ಆದ್ರೆ ಒಂದು ಗಂಟೆದು ಅಷ್ಟೇ. ಆ ಒಂದು ಗಂಟೆ ಮಗುನ ನೋಡ್ಕೊಳ್ಳಕ್ಕೆ ಮನೆಯವರು ಒಪ್ಪಿದ್ರೆ ಮಾತ್ರ ಹಿಡೀರಿ. ವಿದೇಶದಲ್ಲಿರೋ ಕನ್ನಡದ ಮಕ್ಕಳಿಗೆ ಆನ್‌ಲೈನಲ್ಲಿ ಕನ್ನಡ ಕಲಿಸೋದು ಈಗ ಚೆನ್ನಾಗಿ ನಡೀತಿದೆ, ಕ್ಯಾಲಿಫೋರ್ನಿಯಾದಲ್ಲಿ ಸಂಜೆ ಆರು ಅಂದ್ರೆ ನಮಗೆ ಬೆಳಗ್ಗೆ ಆರೂವರೆ, ಮಗು ಇನ್ನೂ ಮಲಗಿರತ್ತೆ, ಮನೆಯವರೂ ಮನೇಲೇ ಇರ್ತಾರೆ. ನವೆಂಬರ್ ಮೊದಲ ವಾರ ಅವರು ಗಡಿಯಾರ ಹಿಂದಕ್ಕೆ ತಿರುಗಿಸ್ತಾರೆ, ಆಗ ಅದೇ ಕ್ಲಾಸು ನಮಗೆ ಏಳೂವರೆಗೆ ಬರತ್ತೆ, ಅಂದ್ರೆ ಸರಿಯಾಗಿ ಮಗುಗೆ ತಿಂಡಿ ತಿನ್ಸೋ ಹೊತ್ತಿಗೆ! ಅದನ್ನ ಸೇರೋವಾಗಲೇ ಮಾತಾಡ್ಕೊಳ್ಳಿ, ಮಾರ್ಚ್ ತನಕ ಶನಿವಾರ ಭಾನುವಾರ ಮಾತ್ರ ಮಾಡ್ತೀನಿ ಅಂತ.

ಊಟ ತಿಂಡಿ ವ್ಯಾಪಾರದಲ್ಲಿ ಚಟ್ನಿಪುಡಿ, ಸಾಂಬಾರ್ ಪುಡಿ, ಹಪ್ಪಳ, ಉತ್ತರ ಕರ್ನಾಟಕದ ಕಡೆ ಖಡಕ್ ರೊಟ್ಟಿ, ಶೇಂಗಾ ಹೋಳಿಗೆ, ಇವೆಲ್ಲಾ ಸರಿ, ಮಾಡಿಟ್ಟು ಮಾರೋಂಥದ್ದು. ದಿನಾ ಮಧ್ಯಾಹ್ನ ಹನ್ನೆರಡೂವರೆಗೆ ಹತ್ತು ಕ್ಯಾರಿಯರ್ ಕಳಿಸೋ ಕೆಲಸ ದಯವಿಟ್ಟು ಬೇಡ, ಒಂದು ದಿನ ತಪ್ಪಿದ್ರೆ ಹತ್ತು ಜನ ಹಸ್ಕೊಂಡಿರ್ತಾರೆ. ಮಿಕ್ಸಿ ಸದ್ದಿಗೆ ಕಿವಿ ಮುಚ್ಕೊಂಡು ಓಡೋ ಮಗು ಇದ್ರೆ ಪುಡಿ ಮಾಡೋದೆಲ್ಲಾ ಶಾಲೆ ಟೈಮಲ್ಲಿ ಅಥವಾ ಮಿಲ್ಲಿಗೆ ಕೊಡಿ. ಮಾರಕ್ಕೆ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಬೇಸಿಕ್ ರಿಜಿಸ್ಟ್ರೇಷನ್ ಬೇಕು, ಸಣ್ಣ ವ್ಯಾಪಾರಕ್ಕೆ ಫೀಸು ಏನೂ ಜಾಸ್ತಿ ಇಲ್ಲ, ಮಾಡಿಸ್ಕೊಂಡುಬಿಡಿ.

ಸ್ಪೆಷಲ್ ಎಜುಕೇಟರ್ ಆಗೋದು, ಶ್ಯಾಡೋ ಟೀಚರ್ (ಶಾಲೇಲಿ ಒಂದು ಮಗು ಜೊತೇಲೇ ಇದ್ದು ಸಹಾಯ ಮಾಡೋರು) ಆಗೋದು ಇನ್ನೊಂದು ದಾರಿ. ಆರ್‌ಸಿಐ (ರಿಹ್ಯಾಬಿಲಿಟೇಷನ್ ಕೌನ್ಸಿಲ್ ಆಫ್ ಇಂಡಿಯಾ) ಮಾನ್ಯತೆ ಇರೋ ಡಿ.ಎಡ್. ಸ್ಪೆಷಲ್ ಎಜುಕೇಶನ್ ಎರಡು ವರ್ಷದ್ದು, ಮಾನ್ಯತೆ ಇದೆಯಾ ಅಂತ ಫೀಸು ಕಟ್ಟೋಕೆ ಮುಂಚೆ ಆರ್‌ಸಿಐ ವೆಬ್‌ಸೈಟಲ್ಲೇ ನೋಡಿ, ಆರು ತಿಂಗಳ ಸರ್ಟಿಫಿಕೇಟ್ ಕೊಟ್ಟು "ಥೆರಪಿಸ್ಟ್ ಆಗ್ತೀರಾ" ಅನ್ನೋ ಜಾಗಗಳು ಸುಮಾರಿವೆ. ಇಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಪ್ರೀಸ್ಕೂಲಲ್ಲಿ ಮಗು ಜೊತೆ ಅಮ್ಮಂದಿರಿಗೂ ಕಲಿಸೋ ಕ್ರಮ ಇದೆ, ಹಾಗೆ ಕಲಿತ ಕೈಗೆ ಬೆಲೆ ಇದ್ದೇ ಇದೆ. ಆದ್ರೆ ಎಲ್ಲರಿಗೂ ಇದು ಆಗಿಬರತ್ತೆ ಅಂತ ನನಗನ್ನಿಸಲ್ಲ. ಇಡೀ ಬೆಳಗ್ಗೆ ಇನ್ನೊಂದು ಮಗುವಿನ ಸಿಟ್ಟು, ಹಟ, ಅಳು ತಡ್ಕೊಂಡು ಸಂಜೆ ಮನೆಗೆ ಬಂದು ನಿಮ್ಮ ಮಗುಗೂ ಅಷ್ಟೇ ತಾಳ್ಮೆ ಉಳಿಯತ್ತಾ ಅಂತ ನಿಮ್ಮನ್ನ ನೀವೇ ಕೇಳ್ಕೊಳ್ಳಿ. ಕೆಲವರಿಗೆ ಉಳಿಯತ್ತೆ, ಅವರು ತುಂಬಾ ಒಳ್ಳೆ ಟೀಚರ್ ಆಗಿದಾರೆ.

ಪೋಸ್ಟ್ ಆಫೀಸ್ ಆರ್‌ಡಿ ಏಜೆಂಟ್ ಕೆಲಸ ಹೆಂಗಸರಿಗೆ ಅಂತಲೇ ಇದೆ, 4% ಕಮಿಷನ್, ಓಣಿಯಲ್ಲಿ ಪರಿಚಯ ಜಾಸ್ತಿ ಇದ್ರೆ ನೋಡಿ. ಎಲ್‌ಐಸಿ ಬೀಮಾ ಸಖಿ, ಅಂದ್ರೆ ಹೆಂಗಸರನ್ನ ಎಲ್‌ಐಸಿ ಏಜೆಂಟ್ ಮಾಡೋ ಯೋಜನೆ, 2024ರ ಡಿಸೆಂಬರಲ್ಲಿ ಶುರುವಾಗಿದ್ದು, ಮೊದಲ ವರ್ಷ ತಿಂಗಳಿಗೆ 7000 ರೂಪಾಯಿ ಸ್ಟೈಪೆಂಡ್, ಹತ್ತನೇ ಕ್ಲಾಸ್ ಪಾಸಾಗಿದ್ರೆ ಸಾಕು, ಆದ್ರೆ ಅದಕ್ಕೆ ಟಾರ್ಗೆಟ್ ಇದೆ, ಮನೆ ಮನೆ ಓಡಾಡಬೇಕು, ನಮ್ಮಂಥವರಿಗೆ ಸ್ವಲ್ಪ ಕಷ್ಟಾನೇ.

ಕೈಲಿರೋ ಕೆಲಸ ಬಿಡೋಕೆ ಮುಂಚೆ

ಈಗಾಗ್ಲೇ ಕೆಲಸದಲ್ಲಿದ್ದು, ಮಗುವಿಗೆ ಡಯಾಗ್ನೋಸಿಸ್ ಆದ ತಕ್ಷಣ ರಿಸೈನ್ ಮಾಡೋರು ತುಂಬಾ ಜನ. ಒಂದು ನಿಮಿಷ ನಿಲ್ಲಿ. ಕೇಂದ್ರ ಸರ್ಕಾರಿ ನೌಕರಿ ಆದ್ರೆ ಸರ್ವಿಸಲ್ಲಿ ಒಟ್ಟು 730 ದಿನ ಚೈಲ್ಡ್ ಕೇರ್ ಲೀವ್ ಇದೆ, ಮಾಮೂಲಿ ಮಕ್ಕಳಿಗೆ 18 ವರ್ಷದ ತನಕ, ಅಂಗವೈಕಲ್ಯ ಇರೋ ಮಗುವಿಗೆ ಆ ವಯಸ್ಸಿನ ಮಿತಿ ಇಲ್ಲ. ಅಂಥ ಮಗುನ ನೋಡ್ಕೊಳ್ಳೋ ನೌಕರರಿಗೆ ರೊಟೀನ್ ಟ್ರಾನ್ಸ್‌ಫರಿಂದ ವಿನಾಯಿತಿ ಕೇಳೋಕೆ 2014ರ ಕೇಂದ್ರದ ಆದೇಶಾನೂ ಇದೆ. ಹಿಮಾಚಲ ಪ್ರದೇಶದ ಒಬ್ಬ ಕಾಲೇಜ್ ಟೀಚರ್ ತಮ್ಮ ಮಗನಿಗೋಸ್ಕರ ಈ ರಜೆ ಕೇಳಿ ಸುಪ್ರೀಂ ಕೋರ್ಟ್ ತನಕ ಹೋಗಿದ್ರು, 2024ರ ಏಪ್ರಿಲಲ್ಲಿ ಕೋರ್ಟು ಹೆಣ್ಣುಮಕ್ಕಳು ಕೆಲಸದಲ್ಲಿ ಉಳಿಯೋಕೆ ಈ ರಜೆ ಎಷ್ಟು ಮುಖ್ಯ ಅಂತ ಹೇಳಿ ರಾಜ್ಯಕ್ಕೆ ನಿಯಮ ಮತ್ತೆ ನೋಡೋಕೆ ಹೇಳ್ತು. ರಾಜ್ಯ ಸರ್ಕಾರದಲ್ಲಿದ್ರೆ ನಿಮ್ಮ ಎಸ್ಟಾಬ್ಲಿಷ್‌ಮೆಂಟ್ ಸೆಕ್ಷನ್ನಲ್ಲಿ ಲಿಖಿತವಾಗೇ ಕೇಳಿ, ಬಾಯಿಮಾತಲ್ಲಿ "ಅದೆಲ್ಲಾ ಇಲ್ಲಮ್ಮ" ಅಂದ್ರೆ ಅಲ್ಲಿಗೇ ಸುಮ್ನಾಗ್ಬೇಡಿ.

ಪ್ರೈವೇಟ್ ಕಂಪನೀಲಿ ಇಂಥ ಹಕ್ಕು ಅಂತ ಏನೂ ಇಲ್ಲ, ಎಲ್ಲಾ ಮಾತುಕತೆ ಮೇಲೆ. ವಾರಕ್ಕೆ ಮೂರು ದಿನ, ಇಲ್ಲಾ ಅರ್ಧ ದಿನ, ಸಂಬಳಾನೂ ಅಷ್ಟೇ ಕಮ್ಮಿ ಮಾಡಿ ಅಂತ ನೀವೇ ಪ್ರಪೋಸಲ್ ಇಡಿ, ಮೂರು ತಿಂಗಳು ಟ್ರಯಲ್ ನೋಡೋಣ ಅನ್ನಿ, ಒಪ್ಪಿದ್ರೆ ಮೇಲ್‌ನಲ್ಲಿ ಹಾಕಿಸ್ಕೊಳ್ಳಿ. ಮ್ಯಾನೇಜರ್ ಬದಲಾದ ದಿನ ಬಾಯಿಮಾತಿಗೆ ಬೆಲೆ ಇರಲ್ಲ. ಅರ್ಧ ಸಂಬಳಕ್ಕೆ ಪೂರ್ತಿ ಕೆಲಸ ಹೇರೋದು ನಡೀತಾನೇ ಇರತ್ತೆ, ಅದಕ್ಕೆ ಯಾವ ಯಾವ ಕೆಲಸ ನಿಮ್ಮದಲ್ಲ ಅನ್ನೋದೂ ಅದೇ ಮೇಲ್‌ನಲ್ಲಿ ಇರ್ಲಿ.

ಎಲ್ಲಿ ಹುಡುಕೋದು, ಏನಂತ ಕೇಳೋದು

ಜಾಬ್ ಸೈಟ್‌ಗಳಲ್ಲಿ ಪಾರ್ಟ್ ಟೈಮ್ ಅಂತ ಹುಡುಕಿದ್ರೆ ಬರೋದ್ರಲ್ಲಿ ಮುಕ್ಕಾಲು ಪಾಲು ಮೋಸ ಇಲ್ಲಾ ಕಾಲ್ ಸೆಂಟರ್. ಬ್ರೇಕ್ ತಗೊಂಡ ಹೆಂಗಸರಿಗೆ ಅಂತಲೇ ಬೆಂಗಳೂರಲ್ಲಿ ಶುರುವಾದ ಹರ್‌ಕೀ ಇದೆ, ಮುಂಚೆ ಜಾಬ್ಸ್‌ಫಾರ್‌ಹರ್ ಅಂತಿತ್ತು, ಅದನ್ನ ನೋಡಬಹುದು. ಆದ್ರೆ ನಿಜವಾಗಿ ಕೆಲಸ ಸಿಗೋದು ಗೊತ್ತಿರೋರಿಂದ. ಮೊದಲು ನಿಮ್ಮ ಹಳೇ ಆಫೀಸಿನವರು, ನಿಮ್ಮ ಕೆಲಸ ಹೇಗೆ ಅಂತ ನೋಡಿರೋರು ಅವರೇ, ಅವರಿಗೆ ಸಂಕೋಚ ಬಿಟ್ಟು ಮೆಸೇಜ್ ಮಾಡಿ. ಎರಡನೇದು ಥೆರಪಿ ಸೆಂಟರ್ ವೇಟಿಂಗ್ ರೂಮು. ಅಲ್ಲಿ ಕೂತಿರೋ ಅಮ್ಮಂದಿರಲ್ಲಿ ಒಬ್ಬರು ಲಾಯರ್ ಇರ್ತಾರೆ, ಒಬ್ಬರು ಪ್ರೆಸ್ ನಡೆಸ್ತಿರ್ತಾರೆ, ಇನ್ನೊಬ್ಬರ ಅಣ್ಣ ಆಡಿಟರ್. ಮಕ್ಕಳ ವಿಷಯ ಬಿಟ್ಟು "ನೀವು ಮುಂಚೆ ಏನ್ ಮಾಡ್ತಿದ್ರಿ ಅಕ್ಕ" ಅಂತ ಕೇಳಿ ನೋಡಿ, ಆ ಪ್ರಶ್ನೆನ ಅವರಿಗೂ ಯಾರೂ ಎಷ್ಟೋ ವರ್ಷದಿಂದ ಕೇಳಿರಲ್ಲ. ಅಲ್ಲಿ ಇನ್ನೊಂದು ಅನುಕೂಲ, ಇಬ್ಬರು ಅಮ್ಮಂದಿರು ಸೇರಿ ಒಂದೇ ಕೆಲಸ ಹಿಡೀಬಹುದು, ಒಬ್ಬರ ಮಗು ಹುಷಾರಿಲ್ಲದ ವಾರ ಇನ್ನೊಬ್ಬರು ನೋಡ್ಕೋತಾರೆ.

ಮೆಸೇಜಲ್ಲಿ ಮಗುವಿನ ಕತೆಯಿಂದ ಶುರು ಮಾಡ್ಬೇಡಿ. ಅಯ್ಯೋ ಪಾಪ ಅಂತ ಓದಿ ಪಕ್ಕಕ್ಕಿಡ್ತಾರೆ. ನಿಮಗೇನು ಬರತ್ತೆ, ಎಷ್ಟು ಹೊತ್ತು ಸಿಗ್ತೀರಾ, ಅಷ್ಟೇ ಮೊದಲು ಇರ್ಲಿ. ಈ ಥರ:

"ನಮಸ್ಕಾರ ಸರ್. ನಾನು ಆರು ವರ್ಷ ಅಕೌಂಟ್ಸಲ್ಲಿ ಕೆಲಸ ಮಾಡಿದೀನಿ, ಟ್ಯಾಲಿ, ಜಿಎಸ್‌ಟಿ ರಿಟರ್ನ್ಸ್ ಪೂರ್ತಿ ಬರತ್ತೆ. ಈಗ ಮನೆಯಿಂದ ವಾರಕ್ಕೆ ಎಂಟು ಗಂಟೆ ಕೆಲಸ ತಗೋತೀನಿ, ಬೆಳಗ್ಗೆ 10.30ರಿಂದ 12.30ರ ತನಕ ಫೋನಲ್ಲಿ ಸಿಗ್ತೀನಿ, ಉಳಿದ ಹೊತ್ತಲ್ಲಿ ಮೆಸೇಜ್ ಹಾಕಿದ್ರೆ ಅವತ್ತೇ ಉತ್ತರ ಕೊಡ್ತೀನಿ. ಒಂದು ಪಾರ್ಟಿ ಲೆಕ್ಕ ಕೊಟ್ಟು ನೋಡಿ, ಆಮೇಲೆ ಮಾತಾಡೋಣ."

ಕೆಲಸ ಒಪ್ಪಿದ ಮೇಲೆ, ಮೊದಲ ಬಿಲ್ಲು ಹೋಗೋಕೆ ಮುಂಚೆ, ಮಗು ವಿಷಯ ಒಂದು ಸಾಲಲ್ಲಿ ಹೇಳಿ: ನನ್ನ ಮಗನಿಗೆ ವಿಶೇಷ ಆರೈಕೆ ಬೇಕು, ಯಾವಾಗಾದ್ರೂ ಒಂದೆರಡು ದಿನ ತಡ ಆಗಬಹುದು, ಆದಾಗ ಮೊದಲೇ ತಿಳಿಸ್ತೀನಿ ಅಂತ. ಡೆಡ್‌ಲೈನ್ ಕೇಳಿದಾಗ ನಿಮಗೆ ಎರಡು ದಿನ ಬೇಕಿದ್ರೆ ನಾಲ್ಕು ದಿನ ಅನ್ನಿ. ಮೂರನೇ ದಿನಾನೇ ಕೊಟ್ರೆ ಖುಷಿ ಪಡ್ತಾರೆ.

ಮನೆಯವರ ಜೊತೆಗೂ ಇದೇ ರೀತಿ ಮಾತಾಡಿ. "ಮನೇಲೇ ಇರ್ತೀಯಲ್ಲ" ಅಂತ ಗ್ಯಾಸ್ ಬುಕ್ ಮಾಡೋದು, ಬ್ಯಾಂಕಿಗೆ ಹೋಗೋದು ಎಲ್ಲಾ ನಿಮ್ಮ ತಲೆಗೇ ಬಂದ್ರೆ ಬರೆದಿಟ್ಟ ಹತ್ತು ಗಂಟೆ ನಾಲ್ಕಾಗತ್ತೆ. ವಾರದಲ್ಲಿ ಇಂಥ ದಿನ ಇಂಥ ಹೊತ್ತು ಮಗು ಅಪ್ಪನ ಜವಾಬ್ದಾರಿ ಅಂತ ಗೋಡೆ ಕ್ಯಾಲೆಂಡರ್ ಮೇಲೆ ಬರೀರಿ. ಅಪ್ಪಂದಿರಿಗೂ ಮಗು ಜೊತೆ ಆ ಹೊತ್ತು ಬೇಕು, ಇದನ್ನ ನಾನು ಮನಸ್ಸಿಂದ ಹೇಳ್ತಿದೀನಿ.

ಕಾಗದ ಪತ್ರ, ದುಡ್ಡಿನ ಲೆಕ್ಕ

ಯುಡಿಐಡಿ ಕಾರ್ಡ್ (ಅಂಗವೈಕಲ್ಯ ಇರೋರಿಗೆ ಸರ್ಕಾರ ಕೊಡೋ ಗುರುತಿನ ಕಾರ್ಡು) ಇನ್ನೂ ಮಾಡಿಸಿಲ್ಲ ಅಂದ್ರೆ ಮೊದಲು ಅದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆ ಅಂಗವೈಕಲ್ಯ ಸೇರಿದೆ, ಆಟಿಸಂ, ಕಲಿಕಾ ತೊಂದರೆ ಎಲ್ಲಾ ಬರತ್ತೆ, ಹೆಚ್ಚಿನ ಸವಲತ್ತಿಗೆಲ್ಲಾ ಅಂಗವೈಕಲ್ಯದ ಪ್ರಮಾಣ 40% ಇಲ್ಲಾ ಅದಕ್ಕಿಂತ ಜಾಸ್ತಿ ಇರಬೇಕು. ಆಟಿಸಂ, ಸಿಪಿ, ಬೌದ್ಧಿಕ ಅಂಗವೈಕಲ್ಯ, ಬಹುವಿಧ ಅಂಗವೈಕಲ್ಯ ಇದ್ರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ಇನ್ಶೂರೆನ್ಸ್ ಮಾಡಿಸಿ, ವರ್ಷಕ್ಕೆ ಒಂದು ಲಕ್ಷದ ತನಕ ಕವರ್, ಥೆರಪಿ ಖರ್ಚಿಗೂ ಒಂದಷ್ಟು ಸಿಗತ್ತೆ. ಹಾಗೆ ಬಂದಷ್ಟು ದುಡ್ಡು ನೀವು ದುಡಿಯಬೇಕಾದ ಗಂಟೆನ ಕಮ್ಮಿ ಮಾಡತ್ತೆ, ಅದಕ್ಕೇ ಇಲ್ಲಿ ಹೇಳ್ತಿರೋದು. ಯಜಮಾನರು ಹಳೇ ಟ್ಯಾಕ್ಸ್ ರೆಜೀಮಲ್ಲಿದ್ರೆ ಅಂಗವೈಕಲ್ಯ ಇರೋ ಮಗುನ ನೋಡ್ಕೊಳ್ಳೋದಕ್ಕೆ ಸಿಗೋ 80ಡಿಡಿ ಥರದ ವಿನಾಯಿತಿ (ತೆರಿಗೆ ಹಾಕೋ ಆದಾಯದಲ್ಲಿ ಕಳೆಯೋದು) 75,000 ರೂಪಾಯಿ, ತೀವ್ರ ಅಂಗವೈಕಲ್ಯಕ್ಕೆ 1,25,000, ಹೊಸ ರೆಜೀಮಲ್ಲಿ ಇದು ಸಿಗಲ್ಲ, ಯಾವುದು ಲಾಭ ಅಂತ ಕೂತು ಲೆಕ್ಕ ಹಾಕಿ. ಹಳ್ಳೀಲಿದ್ರೆ ಮಾಸಾಶನ, ಬೇರೆ ಸವಲತ್ತಿಗೆ ಪಂಚಾಯ್ತಿಯ ವಿಆರ್‌ಡಬ್ಲ್ಯೂ (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಯಾರು ಅಂತ ಕೇಳಿ, ಅರ್ಜಿ ನಾಡಕಚೇರೀಲಿ.

ಗೃಹಲಕ್ಷ್ಮಿ ತಗೋತಿರೋರು ಒಂದು ಗಮನ ಇಟ್ಕೊಳ್ಳಿ, ನೀವಾಗಲಿ ಗಂಡನಾಗಲಿ ಆದಾಯ ತೆರಿಗೆ ಕಟ್ಟೋರಾದ್ರೆ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸೋರಾದ್ರೆ ಆ 2000 ಸಿಗಲ್ಲ. ಯಾರೋ ಹೇಳಿದ್ರು ಅಂತ ಬೇಡದೇ ಇದ್ರೂ ಜಿಎಸ್‌ಟಿ ನಂಬರ್ ಮಾಡಿಸ್ಬೇಡಿ, ಸೇವೆ ಆದ್ರೆ ವರ್ಷಕ್ಕೆ 20 ಲಕ್ಷ, ಸಾಮಾನು ಆದ್ರೆ 40 ಲಕ್ಷದ ತನಕ ವಹಿವಾಟಿಗೆ ಸಾಮಾನ್ಯವಾಗಿ ಬೇಕಾಗಲ್ಲ. ಕೆಲಸದ ದುಡ್ಡಿಗೆ ಬೇರೆ ಬ್ಯಾಂಕ್ ಅಕೌಂಟು, ಬೇರೆ ಕ್ಯೂಆರ್ ಇಟ್ಕೊಳ್ಳಿ, 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದಿದ್ದು ನೆನಪಿದೆಯಲ್ಲ, ತವರಿಂದ ಬಂದ ದುಡ್ಡು, ಚೀಟಿ ದುಡ್ಡು, ವ್ಯಾಪಾರದ ದುಡ್ಡು ಎಲ್ಲಾ ಒಂದರಲ್ಲೇ ಇದ್ರೆ ಬಿಡಿಸಿ ಹೇಳೋದು ಕಷ್ಟ. ಕಂಪನಿಯವರು ಟಿಡಿಎಸ್ (ದುಡ್ಡು ಕೊಡೋವಾಗಲೇ ಮುರ್ಕೊಳ್ಳೋ ತೆರಿಗೆ) ಹಿಡಿದಿದ್ರೆ ರಿಟರ್ನ್ ಹಾಕಿ ವಾಪಸ್ ತಗೊಳ್ಳಿ, ಎಷ್ಟೋ ಜನ ಅದನ್ನ ಹಾಗೇ ಬಿಟ್ಟುಬಿಡ್ತಾರೆ.

ಮೋಸದ ಬಗ್ಗೆ

ಮನೇಲಿರೋ ಅಮ್ಮಂದಿರನ್ನೇ ಗುರಿ ಇಟ್ಕೊಂಡು ಮೋಸ ನಡೀತಿರೋದು ನೋಡಿದ್ರೆ ಹೊಟ್ಟೆ ಉರಿಯತ್ತೆ. ಎರಡು ಥರ ಜಾಸ್ತಿ. ಒಂದು, ಟೆಲಿಗ್ರಾಂ ಗುಂಪಿಗೆ ಸೇರಿಸಿ ವೀಡಿಯೋ ಲೈಕ್ ಮಾಡಿ, ಹೋಟೆಲ್‌ಗೆ ಸ್ಟಾರ್ ಕೊಡಿ ಅಂತ ಹೇಳಿ ಮೊದಲು ನೂರೈವತ್ತು ಇನ್ನೂರು ನಿಜವಾಗಿ ಹಾಕ್ತಾರೆ, ಆಮೇಲೆ "ಪ್ರೀಪೇಯ್ಡ್ ಟಾಸ್ಕ್" ಅಂತ ನಿಮ್ಮ ಹತ್ರ ಹಾಕಿಸ್ಕೋತಾರೆ. ಇನ್ನೊಂದು ಡೇಟಾ ಎಂಟ್ರಿ, ಇಷ್ಟು ಪೇಜ್ ಟೈಪ್ ಮಾಡಿ ಅಂತ ಅಗ್ರಿಮೆಂಟ್‌ಗೆ ಸೈನ್ ಹಾಕಿಸ್ಕೊಂಡು, ಮುಗಿಸಿ ಕೊಟ್ಟ ಮೇಲೆ ತಪ್ಪು ಜಾಸ್ತಿ ಇದೆ, ದಂಡ ಕಟ್ಟಿ, ಇಲ್ಲಾ ಕೋರ್ಟ್ ನೋಟಿಸ್ ಬರತ್ತೆ ಅಂತ ಯಾರೋ "ವಕೀಲರು" ಫೋನ್ ಮಾಡ್ತಾರೆ. ಹೆದರಿ ದುಡ್ಡು ಕಟ್ಬೇಡಿ, ಮನೆಯವರಿಂದ ಮುಚ್ಚಿಡ್ಬೇಡಿ, ಮೆಸೇಜ್, ನಂಬರ್ ಎಲ್ಲಾ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಕೆಲಸ ಕೊಡೋಕೆ ನಿಮ್ಮ ಹತ್ರಾನೇ ದುಡ್ಡು ಕೇಳಿದ್ರೆ, ರಿಜಿಸ್ಟ್ರೇಷನ್ ಅನ್ನಲಿ, ಕಿಟ್ ಅನ್ನಲಿ, ಟ್ರೈನಿಂಗ್ ಅನ್ನಲಿ, ಅಲ್ಲಿಗೇ ಬ್ಲಾಕ್ ಮಾಡಿ. ದುಡ್ಡು ಹೋಗೇ ಬಿಟ್ಟಿದ್ರೆ ತಡ ಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕಾಲ್ ಮಾಡಿ, ಎಷ್ಟು ಬೇಗ ಮಾಡ್ತೀರೋ ಅಷ್ಟು ಆ ಅಕೌಂಟ್ ಬ್ಲಾಕ್ ಮಾಡಿಸೋ ಅವಕಾಶ ಜಾಸ್ತಿ.

ಇನ್ನು ಮೊದಲ ಗಿರಾಕಿ ಸಿಕ್ಕಾಗ ಎರಡನೇದನ್ನ ತಕ್ಷಣ ಹಿಡೀಬೇಡಿ, ಒಂದು ಪೂರ್ತಿ ತಿಂಗಳು ಒಂದೇ ಇರ್ಲಿ, ಮಗು ಒಂದ್ಸಲ ಹುಷಾರು ತಪ್ಪಿದಾಗ ಆ ಕೆಲಸ ಹೇಗೆ ತಡ್ಕೊಂಡಿತು ಅಂತ ನೋಡ್ಕೊಂಡು ಮುಂದಿನದು. ಪ್ರತಿ ಜೂನಲ್ಲಿ ಶಾಲೆ ಟೈಮು, ಥೆರಪಿ ಸ್ಲಾಟು ಬದಲಾಗತ್ತೆ, ಆಗ ಆ ನೋಟ್‌ಬುಕ್ ಹೊಸದಾಗಿ ಬರೆದು ಗಿರಾಕಿಗಳಿಗೆ ಹೊಸ ಟೈಮೂ ಹೊಸ ರೇಟೂ ಒಟ್ಟಿಗೇ ತಿಳಿಸಿ.